ಯವನರು ಯಾರು?

ನಾವು ಏಳನೇ ತರಗತಿಯಲ್ಲಿದ್ದಾಗಿನ ಮಾತು. ಐತಿಹಾಸಿಕ ಕಥೆಯೊಂದನ್ನು ಓದಿಸುತ್ತಿದ್ದ ಮೇಷ್ಟ್ರು 'ಯವನರ ದಂಡು' ಎಂಬಲ್ಲಿ ನಿಲ್ಲಿಸಿದರು. ತರಗತಿಯಲ್ಲಿದ್ದ ಇಬ್ಬರೇ ಮುಸ್ಲಿಮ್ ಹುಡುಗರಾದ ನಮ್ಮ ಕಡೆ ನೋಡಿ, 'ಅಂದರೆ ಇವರ ಕಡೆಯವರು' ಎಂದರು. ಹುಡುಗರೆಲ್ಲ ನಕ್ಕರು. ಮೇಷ್ಟ್ರಲ್ಲಿ ಕೆಟ್ಟ ಉದ್ದೇಶವಿತ್ತೆಂದು ನಾವು ಇಂದಿಗೂ ಹೇಳಲಾರೆವು. ಅರ್ಥ ಹೇಳುವುದು ಅವರ ಕೆಲಸ, ಹೇಳಿದರು. ಆದರೆ ಆ ಕಥೆಯಲ್ಲಿ ಊರು ಸುಟ್ಟವರು, ಹೆಂಗಸರನ್ನು ಹೊತ್ತೊಯ್ದವರು ಆ ಯವನರೇ. ಪಾಠ ಮುಗಿಯುವವರೆಗೆ ನಾವು ಪುಸ್ತಕದಿಂದ ತಲೆಯೆತ್ತಲಿಲ್ಲ.

ಸಂಜೆ ಅಬ್ಬಾನನ್ನು ಕೇಳಿದೆವು. ಅವರು ಹಕೀಮರು. ಪೇಟೆಯಲ್ಲಿ ಅವರದೊಂದು ಪುಟ್ಟ ಯುನಾನಿ ದವಾಖಾನೆಯಿತ್ತು. ಔಷಧಿ ಪೊಟ್ಟಣ ಕಟ್ಟುತ್ತಲೇ 'ಗೊತ್ತಿಲ್ಲ ಮಗಾ, ನಿಮ್ಮ ಮೇಷ್ಟ್ರನ್ನೇ ಕೇಳು' ಎಂದರು. ಉತ್ತರ ಅವರ ತಲೆಯ ಮೇಲಿನ ಬೋರ್ಡಿನಲ್ಲೇ ಇದೆಯೆಂಬುದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಯವನ, ಯುನಾನ್ ಎರಡೂ ಒಂದೇ ಪದ. ಇಂದಿನ ತುರ್ಕಿಯ ಪಶ್ಚಿಮ ಕರಾವಳಿಯಲ್ಲಿ ಹಿಂದೆ ಅಯೋನಿಯಾ ಎಂಬ ಗ್ರೀಕರ ನಾಡಿತ್ತು. ಪರ್ಷಿಯನ್ನರಿಗೆ ಮೊದಲು ಪರಿಚಯವಾದ ಗ್ರೀಕರು ಅವರೇ ಆದ್ದರಿಂದ ಗ್ರೀಕರೆಲ್ಲರೂ 'ಯೌನ' ಆದರು. ಬೆಹಿಸ್ತೂನ್ ಬಂಡೆಯ ಮೇಲೆ ದೊರೆ ದಾರಿಯಸ್ ಕೆತ್ತಿಸಿದ ಶಾಸನದಲ್ಲಿ ಈ ಹೆಸರಿದೆ. ಅದೇ ಹೀಬ್ರೂವಿನಲ್ಲಿ ಯಾವಾನ್, ಅರಬಿಯಲ್ಲಿ ಯುನಾನ್, ಪ್ರಾಕೃತದಲ್ಲಿ ಯೋನ, ಸಂಸ್ಕೃತದಲ್ಲಿ ಯವನ. ಬುಕ್ರಾತ್ ಮತ್ತು ಜಾಲೀನೂಸ್, ಅಂದರೆ ಹಿಪೊಕ್ರೇಟಿಸ್ ಮತ್ತು ಗ್ಯಾಲೆನ್, ಕೊಟ್ಟ ವಿದ್ಯೆಯಾದ್ದರಿಂದ ಅಬ್ಬಾನ ವೈದ್ಯಕ್ಕೆ ಯುನಾನಿ ಎಂಬ ಹೆಸರು.

ಹಾಗಾದರೆ ನಮ್ಮ ನೆಲದ ಹಳೆಯ ಯವನರು ಯಾರು? ಅಶೋಕನ ಶಾಸನಗಳಲ್ಲಿ ಬರುವ ಯೋನರಾಜ ಆಂಟಿಯೋಕಸ್ ಗ್ರೀಕ್ ದೊರೆ. ಮಧ್ಯಪ್ರದೇಶದ ಬೆಸ್‌ನಗರದಲ್ಲಿ ಕ್ರಿ.ಪೂ. 2ನೇ ಶತಮಾನದಲ್ಲಿ ಗರುಡಗಂಬ ನಿಲ್ಲಿಸಿದ ಹೆಲಿಯೋಡೋರಸ್ ತಕ್ಷಶಿಲೆಯಿಂದ ಬಂದ ಯೋನ ದೂತ. ಅವನು ತನ್ನನ್ನು ಭಾಗವತನೆಂದೇ ಕರೆದುಕೊಂಡಿದ್ದಾನೆ. ಕಾರ್ಲೆಯ ಬೌದ್ಧ ಗುಹೆಯ ಕಂಬಗಳಿಗೆ ದಾನ ಕೊಟ್ಟವರಲ್ಲೂ ಯವನರಿದ್ದಾರೆ. ವಿಷ್ಣುಭಕ್ತ ಯವನ, ಬೌದ್ಧ ಯವನ! ಕಾಳುಮೆಣಸಿಗೆ ಸಂಸ್ಕೃತದಲ್ಲಿ 'ಯವನಪ್ರಿಯ' ಎಂಬ ಹೆಸರೂ ಇದೆ. ಇಸ್ಲಾಮ್ ಇನ್ನೂ ಹುಟ್ಟಿರದ ಕಾಲದ ಮಾತಿದು.

ಅದು ಮುಸ್ಲಿಮರ ಹೆಸರಾದದ್ದು ಬಹಳ ತಡವಾಗಿ. ಗ್ರೀಕರು ಇಲ್ಲಿಯ ಜನರಲ್ಲಿ ಕರಗಿಹೋದರು, ಪದ ಮಾತ್ರ ಪಂಡಿತರ ಬಳಿ ಉಳಿಯಿತು. ಮುಂದೆ ವಾಯವ್ಯದಿಂದ ಯಾರು ಬಂದರೂ ಆ ಹಳೆಯ ಅಂಗಿಯನ್ನೇ ತೊಡಿಸಿದರು. ಇತಿಹಾಸಕಾರ ಬ್ರಜದುಲಾಲ್ ಚಟ್ಟೋಪಾಧ್ಯಾಯರು 1998ರ ತಮ್ಮ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ತುರುಷ್ಕ, ತಾಜಿಕ, ಯವನ ಎಂದು ಜನಾಂಗ ಮತ್ತು ನಾಡಿನ ಹೆಸರುಗಳಿಂದಲೇ ಅಂದಿನ ಶಾಸನಗಳು ಮುಸ್ಲಿಮರನ್ನು ಗುರುತಿಸಿದ್ದವು. ಮಳಖೇಡದ ರಾಷ್ಟ್ರಕೂಟರು ಸಂಜಾನ್ ಬಂದರಿನ ಆಡಳಿತಕ್ಕೆ ನೇಮಿಸಿದ್ದ ಮುಸ್ಲಿಮ್ ಅಧಿಕಾರಿಯನ್ನು 926ರ ಚಿಂಚಣಿ ತಾಮ್ರಪಟ 'ತಾಜಿಕ' ಎನ್ನುತ್ತದೆ. ಅದರಲ್ಲಿ ಹಗೆಯಿಲ್ಲ. ಪ್ರಯಾಣಿಕರಿಗಾಗಿ ಆತ ಮಾಡಿದ ಉಚಿತ ದೋಣಿ ಮತ್ತು ಅನ್ನಛತ್ರದ ಹೊಗಳಿಕೆಯಿದೆ.

ಹಾಗೆಂದು ಆ ಪದದಲ್ಲಿ ವಿಷವೇ ಇರಲಿಲ್ಲವೆಂದರೆ ತಪ್ಪಾದೀತು. 14ನೇ ಶತಮಾನದ ಕೆಲವು ಶಾಸನಗಳಲ್ಲಿ ಯವನರು ಕೇಡಿನ ಮೂರ್ತಿಗಳೇ. ಆದರೆ 16ನೇ ಶತಮಾನದ ಕೃಷ್ಣದೇವರಾಯನ ಬಿರುದು ನೋಡಿ: 'ಯವನರಾಜ್ಯ ಸ್ಥಾಪನಾಚಾರ್ಯ'. ಬಹಮನಿ ಸುಲ್ತಾನನನ್ನು ಮತ್ತೆ ಗದ್ದುಗೆಗೇರಿಸಿದ್ದನ್ನು ವಿಜಯನಗರದ ಅರಸ ಹೆಮ್ಮೆಯೆಂದು ಧರಿಸಿದ್ದ. ನಮ್ಮ ಮೇಷ್ಟ್ರಿಗೆ ಈ ಬಿರುದು ಗೊತ್ತಿದ್ದಿದ್ದರೆ ಅಂದಿನ ಪಾಠ ಹೇಗಿರುತ್ತಿತ್ತೋ! ಕೇರಳದ 'ಜೋನಕ', ತಮಿಳಿನ 'ಸೋನಗರ್' ಕೂಡ ಯವನದಿಂದಲೇ ಬಂದವೆನ್ನುತ್ತಾರೆ. ಶ್ರೀಲಂಕಾದ ಮುಸ್ಲಿಮರು ತಮ್ಮನ್ನು ಸೋನಗರ್ ಎಂದು ತಾವೇ ಕರೆದುಕೊಳ್ಳುತ್ತಾರೆ.

ಪದವನ್ನು ನಿಘಂಟಿನಿಂದ ಕಿತ್ತುಹಾಕಿ ಎಂದು ನಾವು ಕೇಳುತ್ತಿಲ್ಲ. ಯಾವ ಕಾಲದ ಯವನ, ಯಾರು ಬರೆದ ಯವನ ಎಂದು ಪಾಠ ಹೇಳುವವರು ಒಂದು ಮಾತು ಸೇರಿಸಲಿ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತಲೆತಗ್ಗಿಸಿ ಕೂತಿರಬಹುದು.

ಇದನ್ನೆಲ್ಲ ನಾವು ಓದಿ ತಿಳಿಯುವ ಹೊತ್ತಿಗೆ ಅಬ್ಬಾ ತೀರಿಕೊಂಡಿದ್ದರು. ದವಾಖಾನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಬೋರ್ಡು ನಮ್ಮ ಮನೆಯ ಅಟ್ಟದ ಮೇಲಿದೆ. ಕನ್ನಡದ ಅಕ್ಷರಗಳು ಮಾಸಿವೆ, ಉರ್ದುವಿನಲ್ಲಿ ಬರೆದ 'ಯುನಾನಿ' ಮಾತ್ರ ಇನ್ನೂ ಓದಲು ಬರುತ್ತದೆ.