ತನ್ನ ಸವಾಲಿಗೆ ತಾನೇ ಜವಾಬು

ಸವಾಲ್-ಜವಾಬಿನ ಹಾಡೆಂದರೆ ಕರ್ನಾಟಕ-ಮಹಾರಾಷ್ಟ್ರ ಗಡಿನಾಡಿನ ನಮ್ಮ ಕಿವಿಗೆ ಬಲು ಪ್ರೀತಿ. ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆಯವೇ. ಉಮರಗಾ ದಾಟಿದರೆ ಆಳಂದ. ಹೀಗಾಗಿ ಮರಾಠಿಯ ಕಲ್ಗಿ-ತುರಾ ಎಷ್ಟು ನಮ್ಮದೋ ಕನ್ನಡದ ಹರದೇಶಿ-ನಾಗೇಶಿಯೂ ಅಷ್ಟೇ ನಮ್ಮದು. ಡಪ್ಪು, ತುಂತುಣಿ ಹಿಡಿದು ಒಂದು ಮೇಳ ಶಿವನ ಪಕ್ಷ ವಹಿಸಿದರೆ ಇನ್ನೊಂದು ಶಕ್ತಿಯ ಪಕ್ಷ. ಒಬ್ಬರು ಹಾಕಿದ ಗಂಟನ್ನು ಇನ್ನೊಬ್ಬರು ಬಿಚ್ಚಬೇಕು. ಈ ರುಚಿ ಹತ್ತಿದವರಿಗೆ ರ‍್ಯಾಪ್ ಪರಕೀಯವೇನಲ್ಲ; ಅಲ್ಲಿಯೂ ಪ್ರಾಸಕ್ಕೆ ಪ್ರಾಸ, ಮಾತಿಗೆ ಮಾತು. ಆದರೆ ಹಾಡಿದವನೇ ವರ್ಷಗಳ ಮೇಲೆ ಮರಳಿ ಬಂದು ತನ್ನ ಸವಾಲಿಗೆ ತಾನೇ ಜವಾಬು ಕೊಡುವುದನ್ನು ನಾನು ಕೇಳಿದ್ದು ಅಮೆರಿಕದ ರ‍್ಯಾಪರ್ ಎಮಿನೆಮ್‌ನ ಹಾಡಿನಲ್ಲಿ.

2000ರ ಮೇ ತಿಂಗಳಲ್ಲಿ ಬಂದ ‘ದಿ ಮಾರ್ಷಲ್ ಮ್ಯಾಥರ್ಸ್ ಎಲ್‌ಪಿ’ 27ರ ಹುಡುಗನ ಸಿಟ್ಟು. ಅದರ ಎರಡನೆಯ ಭಾಗ ಬಂದದ್ದು 2013ರ ನವೆಂಬರಿನಲ್ಲಿ, ಅವನಿಗೆ 41 ತುಂಬಿದ ಮೇಲೆ. ಗೆದ್ದ ಆಲ್ಬಮ್ಮಿಗೆ ಹೀಗೆ ಮರಳುವುದು ರ‍್ಯಾಪಿನಲ್ಲಿ ಹೊಸತಲ್ಲ. ರೇಕ್ವಾನ್ ತನ್ನ 1995ರ ಆಲ್ಬಮ್ಮಿಗೆ 2009ರಲ್ಲಿ ಎರಡನೆಯ ಭಾಗ ತಂದಿದ್ದ. ಎಮಿನೆಮ್ ಮರಳಿದ್ದು ಹಳೆಯ ಲೆಕ್ಕ ಚುಕ್ತಾ ಮಾಡಲು.

ಮೊದಲ ಆಲ್ಬಮ್ಮಿನ ‘ಸ್ಟ್ಯಾನ್’ ನೆನೆಯಿರಿ. ಮಳೆ, ಗುಡುಗು, ಕಾಗದದ ಮೇಲೆ ಪೆನ್ಸಿಲು ಗೀಚುವ ಸದ್ದು, ನಡುನಡುವೆ ಗಾಯಕಿ ಡೈಡೋಳ ಮೆದು ದನಿ. ಬರೆದ ಪತ್ರಗಳಿಗೆ ಉತ್ತರ ಕಾಣದೆ ಹುಚ್ಚಾದ ಅಭಿಮಾನಿ, ಬಸುರಿ ಗೆಳತಿಯ ಸಮೇತ ಕಾರನ್ನು ನೀರಿಗೆ ಇಳಿಸುತ್ತಾನೆ. ಆ ಪತ್ರಗಳಲ್ಲಿ ಸುಳಿದುಹೋಗುವ ಪುಟ್ಟ ತಮ್ಮ ಮ್ಯಾಥ್ಯೂನನ್ನು ಕೇಳುಗರು ಮರೆತರೂ ಕಟ್ಟಿದವನು ಮರೆತಿರಲಿಲ್ಲ. ಎರಡನೆಯ ಆಲ್ಬಮ್ ತೆರೆದುಕೊಳ್ಳುವುದೇ ಅವನಿಂದ. ‘ಬ್ಯಾಡ್ ಗೈ’ಯಲ್ಲಿ ಬೆಳೆದು ನಿಂತ ತಮ್ಮ ಸೇಡಿಗೆ ಬಂದು ಹಾಡುಗಾರನನ್ನೇ ಕಾರಿನ ಡಿಕ್ಕಿಗೆ ತುಂಬುತ್ತಾನೆ. ಏಳು ನಿಮಿಷದ ಹಾಡು ಮುಗಿಯುವ ಮುನ್ನ ಲಯ ಮಗ್ಗುಲು ಬದಲಿಸುತ್ತದೆ, ದನಿ ಬಿರುಸಾಗುತ್ತದೆ. ಈಗ ಮಾತಾಡುವವನು ತಮ್ಮನಲ್ಲ, ಹಾಡುಗಾರನ ಅಂತಃಸಾಕ್ಷಿ. ಆ ತಿರುವಿಗೆ ಬಂದಾಗಲೆಲ್ಲ ನಾನು ಕೈಲಿದ್ದ ಕೆಲಸ ಬಿಟ್ಟು ಕೇಳುತ್ತೇನೆ.

ಇನ್ನೂ ದೊಡ್ಡ ಜವಾಬು ‘ಹೆಡ್‌ಲೈಟ್ಸ್’. ಹಾಡುಹಾಡಿನಲ್ಲೂ ಹೆತ್ತವಳನ್ನು ಬೈದವನು ಇಲ್ಲಿ ಕ್ಷಮೆ ಕೇಳುತ್ತಾನೆ. ಅವಳ ಮೇಲೆ ಕಟ್ಟಿದ 2002ರ ಹಾಡನ್ನು ವೇದಿಕೆಯಲ್ಲಿ ಹಾಡುವುದನ್ನೇ ಬಿಟ್ಟಿದ್ದೇನೆ ಎನ್ನುತ್ತಾನೆ. ತಾಯಿ ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ. ಅವಳು ಬದುಕಿರುವಾಗಲೇ, ಲೋಕ ಕೇಳುವಂತೆ ಬೈದಿದ್ದನ್ನು ಲೋಕ ಕೇಳುವಂತೆಯೇ ಹಿಂಪಡೆದ ಮಗ ಇವನು.

ಎರಡೂ ಆಲ್ಬಮ್ಮಿನ ಮುಖಪುಟದ ಮೇಲೆ ಡೆಟ್ರಾಯಿಟಿನ ಅದೇ ಬಾಲ್ಯದ ಮನೆ. ಮೊದಲನೆಯದರಲ್ಲಿ ಅವನು ಕಟ್ಟೆಯ ಮೇಲೆ ಕೂತಿದ್ದಾನೆ. ಎರಡನೆಯದರಲ್ಲಿ ಅವನಿಲ್ಲ, ಹಲಗೆ ಬಡಿದ ಪಾಳುಮನೆಯಷ್ಟೇ. ಆಲ್ಬಮ್ ಬಂದ ತಿಂಗಳಲ್ಲೇ ಬೆಂಕಿ ಬಿದ್ದು ಅದನ್ನೂ ಕೆಡವಿದರು. ಈ ಚಿತ್ರ ನಮ್ಮವರ ಎದೆಗೆ ನೇರ ನಾಟುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದವರ ಮೇಲೆ ಭೂಕಂಪಕ್ಕೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದವು. ನಮ್ಮ ಗಡಿನಾಡಿನ ಕಿಲ್ಲಾರಿ, ಸಾಸ್ತೂರ ನೆಲಕಚ್ಚಿದವು. ಹತ್ತಿರ ಹತ್ತು ಸಾವಿರ ಜೀವ ಹೋದವು. ಉಳಿದವರು ಹಳೆಯ ಹೆಸರನ್ನೇ ಹೊತ್ತು ಬೇರೆ ನೆಲದಲ್ಲಿ ಊರು ಕಟ್ಟಿಕೊಂಡರು, ಗೋಡೆಗಳನ್ನು ಮಾತ್ರ ಮೊದಲಿನಂತೆ ಕಟ್ಟಲಿಲ್ಲ.

ಹೆಸರು ಉಳಿಸಿಕೊಂಡು ಗೋಡೆ ಬದಲಿಸುವುದು: ಎರಡನೆಯ ಭಾಗದ ಧರ್ಮ ಇದೇ. 27ರಲ್ಲಿ ಹಾಡಿದ್ದಕ್ಕೆ 41ರಲ್ಲಿ ಹೊಣೆ ಹೊರುವ ಹಾಡುಗಾರನಿದ್ದರೆ, ಮೂರನೆಯ ಭಾಗಕ್ಕೂ ನಾನು ಕಾಯಲು ಸಿದ್ಧ.