ಬಂಗಾರದ ನೆಲದ ಅಡಗಿದ ಭಾರ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ದಾರಿಯುದ್ದಕ್ಕೂ ಬೂದುಬಣ್ಣದ ಬೋಳು ದಿಬ್ಬಗಳು ಕಾಣುತ್ತವೆ. ಇವು ಪ್ರಕೃತಿ ಕೊಟ್ಟ ಬೆಟ್ಟಗಳಲ್ಲ. ಅದಿರನ್ನು ಅರೆದು, ಸಯನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು. ಮೇಲೆ ಬಂದದ್ದೇ ಇಷ್ಟಾದರೆ, ಕೆಳಗೆ ಬರಿದಾದ ಜಾಗವೆಷ್ಟಿರಬೇಕು!

ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಮೇಲಿನ ಬಂಡೆಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋಗ್ರಾಂ. ಅಂದರೆ ಬೆರಳಿನ ಉಗುರಿನಷ್ಟು ಜಾಗದ ಮೇಲೆ ಎಂಟು ಕ್ವಿಂಟಲ್ ಭಾರ! ಅದಿರು ತೆಗೆದಾಗ ಆ ಭಾರವನ್ನು ಪಕ್ಕದ ಬಂಡೆಯೇ ಹೊರಬೇಕು. ತಾಳುವಷ್ಟು ತಾಳಿ, ಕೊನೆಗೆ ಅದು ಸಿಡಿಯುತ್ತದೆ. ಗಣಿಯವರು ಹಿಂದೆ ಇದನ್ನು 'ಏರ್‌ಬ್ಲಾಸ್ಟ್' ಎನ್ನುತ್ತಿದ್ದರು. ಎಷ್ಟೋ ಕಾರ್ಮಿಕರು ಇದಕ್ಕೆ ಬಲಿಯಾದರು. ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು.

ಹಿಮಪರ್ವತಗಳ ಕಥೆಯೂ ಹೆಚ್ಚುಕಡಿಮೆ ಇದೇ. ಚಳಿಗಾಲವಿಡೀ ಹಿಮ ಪದರಪದರವಾಗಿ ಕೂಡುತ್ತದೆ. ನಡುವೆ ಒಂದು ಪದರ ಸಡಿಲವಾಗಿದ್ದರೂ ಹೊರನೋಟಕ್ಕೆ ತಿಳಿಯದು. ವಸಂತದ ಬಿಸಿಲಿಗೆ ಕರಗಿದ ನೀರು ಒಳಗಿಳಿದು ಹಿಡಿತ ತಪ್ಪಿಸಿದರೆ ಇಳಿಜಾರೇ ಜಾರುತ್ತದೆ. ಅದಕ್ಕೇ ಪರ್ವತಾರೋಹಿಗಳು ಹಿಮ ಗಟ್ಟಿಯಾಗಿರುವ ಮುಂಜಾನೆಯಲ್ಲೇ ಇಂಥ ಜಾಗ ದಾಟುತ್ತಾರೆ. ಅಪಾಯ ವಸಂತಕ್ಕಷ್ಟೇ ಸೀಮಿತವಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರು ಹಿಮದಡಿ ಸಿಲುಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೊಬ್ಬರೇ ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ಅವರೂ ದೆಹಲಿಯಲ್ಲಿ ಕೊನೆಯುಸಿರೆಳೆದರು.

ಕಣ್ಣಿಗೆ ಕಾಣದ ಭಾರವನ್ನು ಅಳೆಯುವುದು ಹೇಗೆ? ಹಿಮದಲ್ಲಿ ಗುಂಡಿ ತೋಡಿ ಪದರಗಳ ಬಲ ನೋಡುತ್ತಾರೆ. ಕೋಲಾರದಲ್ಲಿ ಬರಿದಾದ ಜಾಗಗಳಿಗೆ ಗ್ರಾನೈಟ್ ಗೋಡೆಗಳ ಆಸರೆ ಕೊಟ್ಟರು. ಬಂಡೆಯ ಸಣ್ಣ ಬಿರುಕಿನ ಸದ್ದನ್ನೂ ಹಿಡಿಯುವ ಉಪಕರಣಗಳನ್ನು ಇಟ್ಟರು. ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಇಲ್ಲಿಯೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಕಂಪನಗಳು ದಾಖಲಾದವು. ಕೆಲಸ ನಿಂತಿತೆಂದು ಬಂಡೆಯ ಮೇಲಿನ ಭಾರ ಇಳಿಯುವುದಿಲ್ಲ.

ಮಕ್ಕಳೊಂದಿಗೆ ಇಲ್ಲಿಗೆ ಬರುವ ಪಾಲಕರು ದಿಬ್ಬಗಳನ್ನು ದೂರದಿಂದಲೇ ತೋರಿಸುವುದು ಒಳ್ಳೆಯದು. ಮಳೆ ಕೊರೆದ ಅಂಚುಗಳು ಕುಸಿಯಬಲ್ಲವು, ಗಾಳಿಗೆ ಏಳುವ ದೂಳೂ ಆರೋಗ್ಯಕ್ಕೆ ಹಿತವಲ್ಲ. ಹಳೆಯ ಗಣಿಬಾವಿಗಳ ಹತ್ತಿರವಂತೂ ಸುಳಿಯಲೇಬಾರದು.