ಲಾರಿಯ ಉಸಿರು

ಅನ್ನವಿಲ್ಲದೆ ಒಂದು ದಿನ ಕಳೆಯಬಹುದು. ಉಸಿರಿಲ್ಲದೆ ಒಂದು ಗಳಿಗೆಯೂ ಕಳೆಯದು. ಲಾರಿಗೂ ಇದೇ ನ್ಯಾಯ. ಒಂದು ಲೀಟರ್ ಡೀಸೆಲ್ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಗಾಳಿಯೊಡನೆ ಧೂಳು ಹೊಕ್ಕರೆ ಲೈನರು, ರಿಂಗುಗಳು ಸವೆದು ಎಂಜಿನ್ನು ಬೋರಿಗೆ ಬರುತ್ತದೆ. ಸಂಡೂರಿನ ಅದಿರಿನ ಕೆಂಧೂಳಿನಲ್ಲಿ ನಮ್ಮ ತಂದೆಯವರು ಹಳೆಯ ಲಾರಿ ಓಡಿಸುವುದರಿಂದ, ನನಗೆ ಇದು ಕಾಲೇಜಿನ ಶುಲ್ಕದ ಪ್ರಶ್ನೆಯೂ ಹೌದು.

ತಂದೆಯವರದು ಎಣ್ಣೆಯ ಫಿಲ್ಟರಿನ ಪಕ್ಷ. ಡೀಸೆಲಿನಲ್ಲಿ ತೊಳೆದು ಬೇರೆ ಎಣ್ಣೆ ಹೊಯ್ದರೆ ಅದು ಮತ್ತೆ ಹೊಸದು. ಕಾಗದದ್ದನ್ನು ಕಟ್ಟಿಕೊಂಡ ಮೇಲೆ ಎಸೆಯಬೇಕು. “ಒಗೆಯೋದಕ್ಕ ರೊಕ್ಕ ಕೊಡೋದೇನಪಾ?” ಎನ್ನುತ್ತಾರೆ.

ಆದರೆ ನುಣ್ಣನೆಯ ಧೂಳನ್ನು, ಅದರಲ್ಲೂ ಎಂಜಿನ್ನು ನಿಧಾನವಾಗಿ ತಿರುಗುವಾಗ, ಎಣ್ಣೆ ಹಿಡಿಯುವುದು ಕಡಮೆ. ಕಾಗದ ಚೆನ್ನಾಗಿ ಹಿಡಿಯುತ್ತದೆ. ಅದರ ಮೇಲೆ ಕೂತ ಧೂಳೇ ಬರುವ ಧೂಳನ್ನು ತಡೆಯುವುದೊಂದು ಸೋಜಿಗ! ಹವಾ ಹೊಡೆದು ಮತ್ತೆ ಮತ್ತೆ ಬಳಸಿದರೆ ಮಾತ್ರ ಕಾಗದ ಹರಿದು, ಉಳಿಸಿದ ದುಡ್ಡೆಲ್ಲ ಎಂಜಿನ್ನಿನ ಪಾಲಾಗುತ್ತದೆ. ಆದ್ದರಿಂದ ನಾನು ಕಾಗದದ ಪಕ್ಷ.

ವಾದ ಇನ್ನೂ ಮುಗಿದಿಲ್ಲ. ಲಾರಿಗೇನೋ ಎರಡು ಬಗೆಯ ಫಿಲ್ಟರುಗಳುಂಟು, ವಾದಿಸಲು ಎರಡು ಪಕ್ಷಗಳೂ ಉಂಟು. ಅದನ್ನು ಓಡಿಸುವ ಎದೆಗೆ ಮಾತ್ರ ಹೆಗಲ ಮೇಲಿನ ವಸ್ತ್ರವೊಂದೇ ಗತಿ. ಆ ಎದೆಯ ಉಸಿರಿನಿಂದಲೇ ನಾನು ಬಿ.ಎ. ಓದುತ್ತಿದ್ದೇನೆ.